ಸಾಯಲೇಬೇಕಾದ ಬೊಂಬೆ

ಮಂಡ್ಯದ ಆ ಆಸ್ಪತ್ರೆಯ ತರಬೇತಿ ಕೋಣೆಯಲ್ಲಿ ರಬ್ಬರಿನ ಬೊಂಬೆಯೊಂದು ಆಪರೇಷನ್ ಟೇಬಲ್ಲಿನ ಮೇಲೆ ಮಲಗಿ ಉಸಿರಾಡುತ್ತಿತ್ತು. ಗಾಜಿನಾಚೆ ಕೂತ ಅರಿವಳಿಕೆ ಡಾಕ್ಟರು ಶಶಿರೇಖಾ ಕಂಪ್ಯೂಟರಿನ ಮೇಲೆ ಬೆರಳಿಟ್ಟರೆ ಅದರ ಎದೆ ಏಳುತ್ತಿತ್ತು, ಇನ್ನೊಮ್ಮೆ ಇಟ್ಟರೆ ನಿಲ್ಲುತ್ತಿತ್ತು. ರಾಕ್ಷಸನ ಜೀವ ಏಳು ಸಮುದ್ರದಾಚೆಯ ಗಿಣಿಯ ಕೊರಳಲ್ಲಿತ್ತು ಎಂದು ಕಥೆ ಹೇಳುತ್ತಿದ್ದ ಅವಳ ಅಜ್ಜಿ ಚಿಕ್ಕಬೋರಮ್ಮ ಇದನ್ನು ಕಂಡಿದ್ದರೆ ಹೌಹಾರುತ್ತಿದ್ದಳೇನೋ.

ಅಜ್ಜಿ ಈಗಿಲ್ಲ. ಹೋದ ವರ್ಷ ಮಳವಳ್ಳಿಯ ನರ್ಸಿಂಗ್ ಹೋಮೊಂದರಲ್ಲಿ ಅವಳಿಗೆ ಉಸಿರು ಕಟ್ಟಿದಾಗ, ಡ್ಯೂಟಿಯಲ್ಲಿದ್ದ ಹುಡುಗ ಡಾಕ್ಟರು ಗಂಟಲಿಗೆ ಟ್ಯೂಬು ಹಾಕಲಾಗದೆ ಒದ್ದಾಡಿದ. ಬಾಗಿಲಲ್ಲಿ ನಿಂತಿದ್ದ ಶಶಿರೇಖಾಳ ಅವ್ವ, "ಮ್ಯಾಲೆ ದೊಡ್ಡ ಡಾಕ್ಟ್ರವ್ರಲ್ಲ, ಕರೀರಿ ಸ್ವಾಮಿ" ಅಂತ ಅಂಗಲಾಚಿದಳು. "ನಂಗೊತ್ತು, ಆಚೆ ನಡಿಯಮ್ಮ" ಅಂದ. ಕರೆಯಲಿಲ್ಲ. ಆಮೇಲೆ, "ವಯಸ್ಸಾಗಿತ್ತು" ಅಂದು ಕೈ ತೊಳೆದುಕೊಂಡ.

ಆ ಹುಡುಗ ಡಾಕ್ಟರು ವಿಷ್ಣು ಈಗ ಅರಿವಳಿಕೆ ಕಲಿಯಲು ಇಲ್ಲಿಗೇ ಬಂದಿದ್ದ. ಬೊಂಬೆಯನ್ನು ಉಳಿಸಿದರೆ ನಾಳೆಯಿಂದ ಆಪರೇಷನ್ ಥಿಯೇಟರಿಗೆ ಪ್ರವೇಶ. ಈ ಮೇಡಂ ಯಾರ ಮೊಮ್ಮಗಳೆಂದು ಅವನಿಗೆ ಗೊತ್ತಿರಲಿಲ್ಲ.

"ವಯಸ್ಸಾದ ಅಜ್ಜಿ. ಉಸಿರು ಕಟ್ಟಿದೆ" ಎಂದಳು ಶಶಿರೇಖಾ ಮೈಕಿನಲ್ಲಿ. ಬೊಂಬೆಯ ನಾಲಿಗೆ ಊದಿಸಿದಳು.

ವಿಷ್ಣು ಟ್ಯೂಬು ತೂರಿಸಿದ, ಹೋಗಲಿಲ್ಲ. ಮತ್ತೆ ತೂರಿಸಿದ. ಮಾನಿಟರಿನ ದನಿ ಕುಗ್ಗುತ್ತ ಬಂತು. ಹಿರಿಯರನ್ನು ಕರೆಯುವ ಬೆಲ್ಲು ಕೈಗೆಟಕುವಲ್ಲೇ ಇತ್ತು.

"ಬೆಲ್ ಒತ್ತೋ" ಎಂದಳು ಜೊತೆಗಾತಿ ದೀಪಿಕ.

"ಸುಮ್ನಿರೇ, ಆಗೋಯ್ತು."

ಶಶಿರೇಖಾಳ ಹೊಟ್ಟೆಗೆ ಹಾಲು ಹೊಯ್ದಂತಾಯಿತು. ಹಾಗೇ ಇರು ಮಗನೇ, ಬದಲಾಗಬೇಡ. ಬೆರಳಿಟ್ಟಳು. ಬೊಂಬೆ ಸತ್ತಿತು.

"ಇನ್ನೊಂದ್ಸಲ."

ಈ ಸಲ ಬೆವರು ಕಣ್ಣಿಗಿಳಿದ ಮೇಲೆ ಬೆಲ್ಲು ಒತ್ತಿದ. ಬರಬೇಕಾಗಿದ್ದ ಶಶಿರೇಖಾ ಕೂತಲ್ಲಿಂದ ಏಳಲಿಲ್ಲ. ಬೊಂಬೆ ತಣ್ಣಗಾದ ಮೇಲೆ ಸೆರಗು ಸರಿಮಾಡಿಕೊಂಡು ಒಳಗೆ ಬಂದಳು.

"ಕರೆದ್ನಲ್ಲ ಮೇಡಂ! ಕರೆದ್ರೆ ಉಳಿಸ್ತೀರಿ ಅಂತಿದ್ರು ಎಲ್ರೂ."

"ಮಳವಳ್ಳೀಲಿ ಚಿಕ್ಕಬೋರಮ್ಮ ಅಂತ ಒಬ್ಳಿದ್ಲು. ನಮ್ಮಜ್ಜಿ."

ಅವನು ಕೈಲಿದ್ದ ಟ್ಯೂಬನ್ನು ಕೆಳಗಿಟ್ಟ. "ಮೇಡಂ, ಅವತ್ತು..."

"ವಯಸ್ಸಾಗಿತ್ತು, ಅಲ್ವಾ? ಇವಳಿಗೂ ಆಗೈತೆ. ಇವಳು ಬದುಕೋಗಂಟ ನಿಂಗೆ ಥಿಯೇಟರ್ ಬಾಗ್ಲು ತೆಗಿಯಲ್ಲ ಕಣಯ್ಯ. ಹಿಡಿ ಟ್ಯೂಬು."

ಬೊಂಬೆಯನ್ನು ಮುಟ್ಟುವ ಮೊದಲೇ ಅವನು ಬೆಲ್ಲಿನತ್ತ ಕೈ ಚಾಚಿದ. "ಈಗ್ಲೇ ಕರೀಲಾ ಮೇಡಂ?"

"ಕರಿ" ಎಂದು ಶಶಿರೇಖಾ ಗಾಜಿನಾಚೆಗೆ ನಡೆದಳು. "ಬರೋದು ಬುಡೋದು ನನ್ನಿಷ್ಟ."