ಮೂರು ನೀರು

"ಏಳನೇ ನಂಬರ್" ಎಂದು ಮಾನಸಾ ಚೀಟಿ ಬಿಚ್ಚಿ ಓದಿದಾಗ ಗಂಗಾಮಣಿ ಚೀಟಿಗಳ ತಟ್ಟೆ ಹಿಡಿದು ಎದುರಿಗೇ ನಿಂತಿದ್ದಳು. ಏಳನೇ ನಂಬರಿನದು ಇಟ್ಟಿಗೆ ಬಣ್ಣದ ಮರದಣಬೆ. ಹೋದ ಮಳೆಗಾಲದಲ್ಲಿ ಹೊಂಗಡಹಳ್ಳದ ಹತ್ತಿರ ಬಿದ್ದ ಮರದಿಂದ ಅವಳೇ ಕಿತ್ತು, ಒಣಗಿಸಿ, ಡಬ್ಬಿಯಲ್ಲಿಟ್ಟು ತಂದದ್ದು.

ಸಕಲೇಶಪುರದ ಆ ಕಾಲೇಜಿನ ಸಸ್ಯಶಾಸ್ತ್ರದ ಲ್ಯಾಬಿನಲ್ಲಿ ಅವಳು ಹನ್ನೊಂದು ವರ್ಷದಿಂದ ಅಟೆಂಡರ್. ಮಗಳು ಮಾನಸಾ ಅಲ್ಲೇ ಕೊನೆಯ ವರ್ಷದ ಬಿ.ಎಸ್ಸಿ. ಈ ಪ್ರಾಕ್ಟಿಕಲ್ ಕೆಟ್ಟರೆ ಫಸ್ಟ್ ಕ್ಲಾಸ್ ಇಲ್ಲ. ಫಸ್ಟ್ ಕ್ಲಾಸ್ ಇಲ್ಲದಿದ್ದರೆ ಬಿ.ಎಡ್. ಸೀಟಿನ ಆಸೆ ಬಿಡಬೇಕು. ಬೆಳಿಗ್ಗೆಯೇ ಗಂಗಾಮಣಿ ಹಾಸನದಿಂದ ಬಂದ ಪರೀಕ್ಷಕರ ಮುಂದೆ ನಿಂತು, "ಈ ಬ್ಯಾಚಲ್ಲಿ ನನ್ ಮಗಳವ್ಳೆ ಸಾರ್. ಬೇರೆ ಅಟೆಂಡರ್ ಇಲ್ಲ" ಎಂದಿದ್ದಳು.

"ಅವಳ ಟೇಬಲ್ ಹತ್ರ ಹೋಗ್ಬೇಡಿ. ಆಯ್ತಾ?"

"ಈಯಮ್ಮನ ಯೋಚ್ನೆನೇ ಬೇಡ ಸಾರ್," ಲೆಕ್ಚರರ್ ಮೋಹನ್ ನಕ್ಕಿದ್ದರು. "ಹುಡುಗ್ರು ಇವ್ರಿಗೆ ಕೈಟಿನ್ ಅಂತ್ಲೇ ಹೆಸ್ರಿಟ್ಟವ್ರೆ. ಏನ್ ಹಾಕಿ ಕುದಿಸಿದ್ರೂ ಕರಗಲ್ಲ."

ಕೈಟಿನ್ ಅಂದರೆ ಗದ್ದೆ ಏಡಿಯ ಚಿಪ್ಪಿನಲ್ಲಿರುವ ವಸ್ತು. ಅಣಬೆಯ ಜೀವಕೋಶದ ಗೋಡೆಗೂ ಗಟ್ಟಿತನ ಅದರಿಂದಲೇ. ಅದನ್ನು ತೋರಿಸುವುದೇ ಅಂದಿನ ಪ್ರಯೋಗ. ಅಣಬೆಯ ಚೂರನ್ನು ಗಟ್ಟಿ ಕ್ಷಾರದಲ್ಲಿ ಕುದಿಸಬೇಕು, ತೊಳೆಯಬೇಕು, ಆಮೇಲೆ ಒಂದು ಹನಿ ಅಯೋಡಿನ್, ಒಂದು ಹನಿ ಆಮ್ಲ. ಚೂರು ನೇರಳೆಗೆ ತಿರುಗಿದರೆ ಕೈಟಿನ್ ಇದೆ ಎಂದು ಲೆಕ್ಕ.

ಮಾನಸಾಳ ಕೆಂಪು ಚೂರು ಕ್ಷಾರ ತಾಗಿದೊಡನೆ ಕಪ್ಪಾಯಿತು. ಸುಟ್ಟೇ ಹೋಯಿತೆಂದು ಅವಳು ಉರಿ ತಗ್ಗಿಸಿದಳು. ಸುಟ್ಟಿರಲಿಲ್ಲ. ಆ ಜಾತಿಯ ಬಣ್ಣದ ಗುಣವೇ ಹಾಗೆ. ಕಪ್ಪಾಗಿ ನೀರಿಗಿಳಿಯುತ್ತದೆ, ಗೋಡೆಗೆ ಏನೂ ಆಗುವುದಿಲ್ಲ. ಮೂರು ನೀರು ತೊಳೆದರೆ ಮುಗಿಯಿತು. ಮಾನಸಾ ಗಾಬರಿಯಲ್ಲಿ ಒಂದೇ ನೀರು ತೊಳೆದು ಅಯೋಡಿನ್ ಬಿಟ್ಟಳು. ಮನೆಯಲ್ಲಿ ಅಕ್ಕಿ ತೊಳೆಯುವುದೂ ಹಾಗೇ, ದಿನಾ ಬೈಸಿಕೊಳ್ಳುತ್ತಾಳೆ. ಉಳಿದಿದ್ದ ಕ್ಷಾರ ಅಯೋಡಿನ್ನಿನ ಬಣ್ಣವನ್ನು ನುಂಗಿತು. ಆಮ್ಲದ ಹನಿಗೂ ಏನೂ ಆಗಲಿಲ್ಲ.

ಪಕ್ಕದ ಅಭಿಲಾಷನ ಚೂರು ಆಗಲೇ ನೇರಳೆ. ಮಾನಸಾ ತಲೆಯೆತ್ತಿ ತಾಯಿಯನ್ನು ನೋಡಿದಳು.

ಗಂಗಾಮಣಿ ಸಿಂಕಿನ ಹತ್ತಿರ ನಿಂತಿದ್ದಳು, ಕೈ ನಲ್ಲಿಯ ಮೇಲಿತ್ತು. ತೊಳೆಯಬೇಕಾದ ಗಾಜಿನ ಸಾಮಾನು ರಾಶಿ ಬಿದ್ದಿತ್ತು. ನಲ್ಲಿ ತಿರುಗಿಸಿದರೆ ಯಾರೂ ಏನೂ ಅನ್ನುತ್ತಿರಲಿಲ್ಲ, ಅದು ಅವಳ ಕೆಲಸವೇ. ಆದರೆ ಇನ್ನೂ ತೊಳೆಯಬೇಕೆಂದು ಮಗಳಿಗೆ ತಿಳಿಯಲು ಆ ನೀರಿನ ಸದ್ದೇ ಸಾಕಾಗುತ್ತಿತ್ತು. ಗಂಗಾಮಣಿ ಕೈ ತೆಗೆದು ಸೆರಗಿಗೆ ಒರೆಸಿಕೊಂಡು, ಕಿಟಕಿಯ ಕಡೆ ತಿರುಗಿದಳು. ಗಂಟೆ ಹೊಡೆಯುವವರೆಗೂ ಒಂದು ಲೋಟವನ್ನೂ ತೊಳೆಯಲಿಲ್ಲ.

ಎಲ್ಲರೂ ಹೋದಮೇಲೆ ಮಾನಸಾ ಬಂದು ಸಿಂಕಿಗೆ ಒರಗಿ ನಿಂತಳು.

"ನಿಂಗೊತ್ತಿತ್ತು."

"ಗೊತ್ತಿತ್ತು."

"ಒಂದ್ಸಲ ಕೆಮ್ಮಬಾರ್ದಿತ್ತಾ?"

"ಕೆಮ್ಮಿದ್ರೆ ಏನೇ ತಿಳೀತಿತ್ತು ನಿಂಗೆ? ಅಮ್ಮಂಗೆ ಸೀತ ಆಗೈತೆ ಅಂದ್ಕೊಳ್ತಿದ್ದೆ."

ಮಾನಸಾ ನಗಲಿಲ್ಲ. ಗಂಗಾಮಣಿ ನಲ್ಲಿ ತಿರುಗಿಸಿದಳು. ಒಂದು ಲೋಟ ಕೈಗೆತ್ತಿಕೊಂಡು ಕೇಳಿದಳು: "ಪೇಪರಲ್ಲಿ ಏನ್ ಬರ್ದೆ?"

"ಬಣ್ಣ ಬರ್ಲಿಲ್ಲ ಅಂತ."

"ಆ ಹಾಸನದವ್ರು ನಿನ್ ಟೇಬಲ್ ತಾವ ಬಂದು ನೋಡ್ಲೇ ಇಲ್ವಲ್ಲ."

"ಹೂಂ. ಬಂತು ಅಂತ ಬರ್ದ್‌ಬುಡನ ಅಂತ ಪೇಪರ್ ಮೇಲೆ ಪೆನ್ನು ಇಟ್ಟಿದ್ದೆ. ಆದ್ರೆ ನೀನು ಅಲ್ಲಿ ಆ ಕಡೆ ತಿರುಗಿ ನಿಂತಿದ್ದೆ."

ಗಂಗಾಮಣಿಯ ಕೈಯಲ್ಲಿದ್ದ ಲೋಟ ತುಂಬಿ ಹೊರಗೆ ಹರಿಯಿತು. ಅವಳು ಅದನ್ನು ಕೆಳಗಿಟ್ಟು, ರಾಶಿಯೊಳಗಿಂದ ಏಳನೇ ನಂಬರಿನ ಟ್ಯೂಬನ್ನು ಹುಡುಕಿ ಮಗಳ ಕೈಗೆ ಕೊಟ್ಟಳು. ಕಪ್ಪು ಚೂರು ತಳದಲ್ಲೇ ಇತ್ತು.

"ತೊಳಿ."

ಮಾನಸಾ ತೊಳೆದಳು. ಮೊದಲನೇ ನೀರು ಡಿಕಾಕ್ಷನ್ನಿನ ಹಾಗೆ ಹೋಯಿತು. ಎರಡನೆಯದು ತಿಳಿಯಾಯಿತು. "ಇನ್ನೊಂದು," ಎಂದಳು ಗಂಗಾಮಣಿ. ಆಮೇಲೆ ಅಯೋಡಿನ್ ಬಾಟಲಿಯನ್ನೂ ಆಮ್ಲದ ಬಾಟಲಿಯನ್ನೂ ಮಗಳ ಕಡೆ ಸರಿಸಿದಳು.

ಹೊರಗೆ ಯಸಳೂರಿನ ಬಸ್ಸು ಹಾರನ್ ಹೊಡೆದು ಹೋಯಿತು. ಮಾನಸಾ ಒಂದೊಂದು ಹನಿ ಬಿಟ್ಟು ಟ್ಯೂಬನ್ನು ಕಿಟಕಿಗೆ ಹಿಡಿದಳು. ನೇರಳೆ ನಿಧಾನವಾಗಿ ಅಂಚಿನಿಂದ ಒಳಕ್ಕೆ ಹಬ್ಬುತ್ತಿತ್ತು. ಅವಳು ಅದನ್ನು ಸ್ಟ್ಯಾಂಡಿನಲ್ಲಿಟ್ಟು, ಬಳೆಗಳನ್ನು ಮೊಣಕೈಗೆ ಏರಿಸಿಕೊಂಡು ತಾಯಿಯ ಪಕ್ಕ ನಿಂತಳು. ಒಬ್ಬರು ಉಜ್ಜಿದರು, ಒಬ್ಬರು ಜಾಲಿಸಿದರು. ರಾಶಿಯೆಲ್ಲ ಮುಗಿಯುವವರೆಗೂ ಏಳನೇ ಟ್ಯೂಬನ್ನು ಇಬ್ಬರೂ ಮುಟ್ಟಲಿಲ್ಲ.