ಜೇಬಿನ ಮೂಲೆ

"ಇದನ್ನ ಯಾರು ತೊಟ್ಟಿದ್ರು?"

ಲಾಂಡ್ರಿ ಅಂಗಡಿಯ ಹಿಂಬದಿಯಲ್ಲಿ, ಪ್ಲಾಸ್ಟಿಕ್ ಹೊದಿಕೆ ಹಾಕಿ ತೂಗುಬಿಟ್ಟಿದ್ದ ಬಟ್ಟೆಗಳ ಸಾಲಿನ ನಡುವೆ ನಿಂತು ಅವಳು ಕೇಳಿದಳು. ಕೇಳಿಸಿಕೊಳ್ಳಲು ಅಲ್ಲಿ ಯಾರೂ ಇರಲಿಲ್ಲ. ಅವಳ ತಮ್ಮ ಮುಂಬದಿಯ ಕೌಂಟರಿನ ಹತ್ತಿರ, ಕಂಪನಿಯ ಕಡೆಯ ಟೈ ಕಟ್ಟಿದವನ ಮಾತಿಗೆಲ್ಲ ತಲೆಯಾಡಿಸುತ್ತ ನಿಂತಿದ್ದ. ಅವಳ ಎರಡು ಬೆರಳು ಒಂದು ಬೂದುಬಣ್ಣದ ಪ್ಯಾಂಟಿನ ಜೇಬಿನೊಳಗೆ, ತೀರಾ ಕೆಳಗಿನ ಮೂಲೆಯಲ್ಲಿದ್ದವು. ಮೂಲೆಯಲ್ಲಿ ಏನೂ ಇರಲಿಲ್ಲ.

ಏನೂ ಇಲ್ಲದಿದ್ದುದೇ ಅವಳ ಮನಸ್ಸಿಗೆ ಹಿಡಿಸಲಿಲ್ಲ. ದೊಡ್ಡಾಸ್ಪತ್ರೆಯ ನೆಲಮಾಳಿಗೆಯ ಲಾಂಡ್ರಿಯಲ್ಲಿ ಮೂವತ್ತೊಂದು ವರ್ಷ ಬಟ್ಟೆ ಒಗೆದವಳು ಅವಳು. ಎಷ್ಟು ಸಲ ಒಗೆದರೂ ಮನುಷ್ಯ ತೊಟ್ಟ ಬಟ್ಟೆಯ ಜೇಬಿನ ಮೂಲೆಯಲ್ಲಿ ಏನಾದರೊಂದು ಉಳಿದೇ ಉಳಿಯುತ್ತದೆ. ನೂಲಿನ ಒಂದು ಉಂಡೆ, ಬಸ್ ಟಿಕೆಟ್ಟಿನ ಮುದ್ದೆ, ಮಾತ್ರೆಯ ಪುಡಿ. ಅಲ್ಲಿಗೆ ಯಂತ್ರದ ನೀರು ಹೋಗುವುದಿಲ್ಲ, ಬೆರಳು ಮಾತ್ರ ಹೋಗುತ್ತದೆ. ಕೆಲಸಕ್ಕೆ ಹೊಸದಾಗಿ ಬಂದವರಿಗೆ ಅವಳು ಮೊದಲು ಕಲಿಸುತ್ತಿದ್ದ ಪಾಠವೇ ಅದು.

ಪಕ್ಕದ ಪ್ಯಾಂಟು ನೋಡಿದಳು. ಅದೂ ಚೊಕ್ಕಟ. ಹೊದಿಕೆ ಎತ್ತಿ ಒಂದು ಬಿಳಿ ಶರ್ಟಿನ ಕಾಲರನ್ನು ಒಳಮಗ್ಗುಲಿಗೆ ತಿರುಗಿಸಿದಳು. ಕತ್ತು ಉಜ್ಜಿದ ಗೆರೆಯೇ ಇಲ್ಲ. ಹೊಸ ಯಂತ್ರ, ಹೊಸ ಸೋಪು, ತನ್ನ ವಿದ್ಯೆಗೇ ವಯಸ್ಸಾಯಿತೇನೋ ಅಂದುಕೊಂಡಳು. ಆದರೂ ಕೈ ಸುಮ್ಮನಿರಲಿಲ್ಲ.

ನಡೆಯುತ್ತಿರುವ ಅಂಗಡಿಯೊಂದನ್ನು ಕಣ್ಣಾರೆ ನೋಡಲಿ ಎಂದು ಇಲ್ಲಿಗೆ ಅವಳನ್ನು ಕರೆತಂದವನು ತಮ್ಮ. ನಲವತ್ತೆಂಟು ದಾಟಿದರೂ ಮನೆಯವರ ಬಾಯಲ್ಲಿ ಇನ್ನೂ ಸಣ್ಣವನು. ಕೈಗಡಿಯಾರದ ಅಂಗಡಿ ಇಟ್ಟಿದ್ದ, ಹೋದ ವರ್ಷ ಬಾಗಿಲು ಹಾಕಿದ. ಮೂರು ವಾರದ ಹಿಂದೆ ಹೊಳೆಯುವ ಕಾಗದದ ಪುಸ್ತಕ ಹಿಡಿದು ಬಂದು ಲಾಂಡ್ರಿ ಫ್ರಾಂಚೈಸಿಯ ವಿಷಯ ತೆಗೆದಿದ್ದ. ಹೆಸರು ಕಂಪನಿಯದು, ಯಂತ್ರ ಕಂಪನಿಯದು, ತರಬೇತಿಯೂ ಅವರದೇ. ನಾವು ಜಾಗ ಹಿಡಿದು ದುಡ್ಡು ಕಟ್ಟಿದರಾಯಿತು. ದುಡ್ಡು ಅಂದರೆ ಅವಳು ನಿವೃತ್ತಿಯಾದಾಗ ಒಟ್ಟಿಗೆ ಬಂದದ್ದು. ಅದನ್ನು ಬಿಟ್ಟರೆ ಅವಳ ಹತ್ತಿರ ಬೇರೆ ಗಂಟಿಲ್ಲ. ಒಗೆಯುವ ವಿದ್ಯೆ ನಿಂದು, ಓಡಾಟ ನಂದು ಅಂದಿದ್ದ. ಅವಳು ಹೂಂ ಅನ್ನಲಿಲ್ಲ, ಊಹೂಂ ಅನ್ನಲೂ ಇಲ್ಲ.

ಯಾಕೆಂದರೆ ಅವಳಿಗೂ ಆಸೆಯಿತ್ತು. ತಮ್ಮನಿಗೆ ಹೇಳದೆ ಒಂದು ದಿನ ಬೀದಿ ತಿರುವಿನ ಖಾಲಿ ಮಳಿಗೆಯ ಮುಂದೆ ನಿಂತು ಬಂದಿದ್ದಳು. ದೊಡ್ಡ ಗಾಜಿನ ಕಿಟಕಿ, ಬೆಳಗಿನ ಬಿಸಿಲು ನೇರ ಒಳಗೆ ಬೀಳುತ್ತಿತ್ತು. ಮೂವತ್ತೊಂದು ವರ್ಷ ಹೊರಗೆ ಹಗಲೋ ಮೋಡವೋ ತಿಳಿಯದೆ ಒಗೆದವಳು, ಆ ಕಿಟಕಿಯ ಪಕ್ಕದಲ್ಲಿ ಮಡಿಸುವ ಮೇಜು ಎಲ್ಲಿಡಬೇಕೆಂದು ಮನಸ್ಸಿನಲ್ಲೇ ಗುರುತು ಮಾಡಿಕೊಂಡಿದ್ದಳು.

ಆದರೆ ಟೈ ಕಟ್ಟಿದವನ ಮಾತು ಕಿವಿಗೆ ಒಗ್ಗಿರಲಿಲ್ಲ. ಅವಳ ಗಂಡ ಇದ್ದಾಗ ದಿನಾ ಸಂಜೆ ಹಳೆಯ ಪದ್ಯಗಳನ್ನು ಗಟ್ಟಿಯಾಗಿ ಓದುತ್ತಿದ್ದ. ಅವಳು ಬಟ್ಟೆ ಮಡಿಸುತ್ತ ಕೇಳುತ್ತಿದ್ದಳು. ಪುಸ್ತಕ ಒಂದು ದಿನವೂ ಬಿಡಿಸಿ ನೋಡಿದವಳಲ್ಲ, ಆದರೆ ತೂಕಡಿಕೆಯಲ್ಲಿ ಅವನು ಒಂದು ಸಾಲು ನುಂಗಿದರೆ ಮಡಿಸುವ ಕೈ ತಾನಾಗಿ ನಿಲ್ಲುತ್ತಿತ್ತು. ಅವನು ನಕ್ಕು ಹಿಂದಕ್ಕೆ ಹೋಗಿ ಆ ಸಾಲನ್ನು ತರುತ್ತಿದ್ದ. ಟೈ ಕಟ್ಟಿದವನ ಮಾತನ್ನು ಅವಳು ಮನೆಯಲ್ಲಿ ಎರಡು ಸಲ, ಇಲ್ಲಿ ಒಂದು ಸಲ ಕೇಳಿದ್ದಳು. ಮೂರು ಸಲವೂ ಅಕ್ಷರ ಅಕ್ಷರ ಅದೇ. ದಿನಕ್ಕೆ ಎಷ್ಟು ಜನ ಬರುತ್ತಾರೆ ಎಂದು ಕೇಳಿದ ಕಡೆ ಮಾತ್ರ ಅವನು ಒಂದು ಸಾಲು ನುಂಗಿ ಮುಂದಿನದಕ್ಕೆ ಹಾರುತ್ತಿದ್ದ. ಹಿಂದಕ್ಕೆ ಬರುತ್ತಿರಲಿಲ್ಲ.

ಬಟ್ಟೆಗಳ ಸಾಲಿನ ಕೊನೆಗೆ ಬರುವ ಹೊತ್ತಿಗೆ ಒಂದು ನೀಲಿ ಚೌಕಳಿಯ ಶರ್ಟು ಸಿಕ್ಕಿತು. ಕಾಲರ್ ತಿರುಗಿಸಿದಳು. ಗೆರೆಯಿತ್ತು. ಜೇಬಿನ ಮೂಲೆಯಲ್ಲಿ ಬೆರಳಿಗೆ ನೂಲಿನ ಉಂಡೆ ತಾಕಿತು. ಸದ್ಯ, ಒಬ್ಬನಾದರೂ ತೊಟ್ಟಿದ್ದಾನಲ್ಲ ಎಂದು ಅವಳಿಗೆ ಉಸಿರು ಬಂದಂತಾಯಿತು. ಆಮೇಲೆ ಗುಂಡಿಗಳ ಮೇಲೆ ಕಣ್ಣು ಹೋಯಿತು. ಮೂರನೆಯ ಗುಂಡಿಗೆ ಹಾಕಿದ್ದು ಹಸಿರು ದಾರ. ಆಸ್ಪತ್ರೆಯ ಆಪರೇಷನ್ ಬಟ್ಟೆ ಹೊಲಿಯುವ ಗಟ್ಟಿ ದಾರ, ನಿವೃತ್ತಿಯ ದಿನ ಅವಳು ಕೇಳಿ ತಂದಿದ್ದ ಉಂಡೆಯದು. ಎರಡು ತಿಂಗಳ ಹಿಂದೆ ಅವಳೇ ತನ್ನ ಅಡುಗೆಮನೆಯಲ್ಲಿ ಕೂತು ಹಾಕಿದ ಗುಂಡಿ ಅದು. ಬನಿಯನ್ನಿನಲ್ಲಿ ಎದುರಿಗೆ ಕೂತ ಸಣ್ಣವನು, ಆಪರೇಷನ್ ಆದ ಮೇಲೆ ಪೇಷೆಂಟ್ ಉಳೀತಾನಾ ಎಂದು ತಮಾಷೆ ಮಾಡಿದ್ದ.

"ಏನಮ್ಮ, ನಮ್ಮ ಕಸ್ಟಮರ್ ಬಟ್ಟೆ ಎಲ್ಲ ಪರೀಕ್ಷೆ ಮಾಡ್ತಿದ್ದೀರಾ?" ಟೈ ಕಟ್ಟಿದವನು ನಗುತ್ತ ಬಂದ.

"ಅವಳು ಹಾಗೇ ಸಾರ್," ಹಿಂದಿನಿಂದ ತಮ್ಮ ಹೇಳಿದ. "ಗಂಡು ನೋಡೋಕೆ ಹೋದ್ರೂ ಮೊದಲು ಕಾಲರ್ ತಿರುಗಿಸಿ ನೋಡೋಳು."

ಇಬ್ಬರೂ ನಕ್ಕರು. ಅಷ್ಟರಲ್ಲಿ ಅವಳ ಕೈ ಯಾವ ಶರ್ಟಿನ ಮೇಲಿದೆ ಎಂಬುದನ್ನು ತಮ್ಮ ನೋಡಿದ. ಟೈ ಕಟ್ಟಿದವನು ನಗು ನಿಲ್ಲಿಸಿದ ಮೇಲೂ ತಮ್ಮನ ನಗು ಸ್ವಲ್ಪ ಹೊತ್ತು ಒಂಟಿಯಾಗಿ ನಡೆಯಿತು.

"ಜೇಬೆಲ್ಲ ತುಂಬಾ ಚೊಕ್ಕಟ ಇವೆ," ಅಂದಳು. ಟೈ ಕಟ್ಟಿದವನು ಅದನ್ನು ಹೊಗಳಿಕೆ ಎಂದುಕೊಂಡು, ಅದೇ ನಮ್ಮ ಯಂತ್ರದ ವಿಶೇಷ ಎಂದು ಶುರುಮಾಡಿದ.

ವಾಪಸು ಬರುವಾಗ ಬಸ್ಸಿನಲ್ಲಿ ತಮ್ಮನ ಬಾಯಿ ಮುಚ್ಚಲಿಲ್ಲ. ಬೋರ್ಡಿಗೆ ಯಾವ ಬಣ್ಣ, ಉದ್ಘಾಟನೆಗೆ ಯಾರು ಯಾರು, ಎಲ್ಲ ಆಯಿತು. ಈಗ ಹೇಳುತ್ತಾನೆ, ಈಗ ಹೇಳುತ್ತಾನೆ ಎಂದು ಅವಳು ಕಾದಳು. ಅವಳ ನಿಲ್ದಾಣ ಬಂತು. ನೋಡಿಕೊಂಡು ಇಳಿ ಅಕ್ಕಾ ಎಂದಷ್ಟೇ ಹೇಳಿದ.

ಎರಡು ದಿನ ಬಿಟ್ಟು, ಅವಳು ಹೊಸ್ತಿಲು ಒರೆಸುತ್ತಿದ್ದ ಹೊತ್ತಿಗೆ ಬಂದ. ತೊಟ್ಟ ಶರ್ಟಿನ ಕಾಲರಿನ ಅಂಚು ಹರಿದು ನೂಲು ಎದ್ದಿತ್ತು. ಅವಳು ಚಹಾ ಮಾಡಿ ಮುಂದಿಟ್ಟಳು. ದುಡ್ಡಿನ ಮಾತು ಅವನೂ ಎತ್ತಲಿಲ್ಲ.

"ನಿನ್ನ ನೀಲಿ ಚೌಕಳಿ ಶರ್ಟು ಎಲ್ಲಿ?" ಅವಳು ಕೇಳಿದಳು.

"ಮನೇಲಿದೆ."

"ತಗೊಂಡು ಬಾ. ಮೂರನೇ ಗುಂಡಿ ಸಡಿಲ ಆಗಿದೆ. ಮೊನ್ನೆ ನೋಡ್ದೆ."

ಅವನು ಲೋಟದೊಳಗೆ ನೋಡುತ್ತ ಕೂತ. ಆಮೇಲೆ ಒಂದೊಂದಾಗಿ ಹೇಳಿದ. ಅಂಗಡಿ ಮುಚ್ಚಿದಾಗ ಕೈಗೆ ಬಂದದ್ದನ್ನೆಲ್ಲ ನಾಲ್ಕು ತಿಂಗಳ ಹಿಂದೆಯೇ ಕಂಪನಿಗೆ ಕಟ್ಟಿದ್ದ. ಹೆಂಡತಿಗೂ ಗೊತ್ತಿಲ್ಲ. ಯಂತ್ರ ಇವತ್ತು ನಾಳೆ ಎಂದು ಇನ್ನೂ ಬಂದಿಲ್ಲ. ಇನ್ನೊಬ್ಬರನ್ನು ಸೇರಿಸಿದರೆ ನಿಮ್ಮದು ಮೊದಲು ಕಳಿಸುತ್ತೇವೆ ಎಂದು ಟೈ ಕಟ್ಟಿದವನು ಹೇಳಿದ್ದ. ಮೊನ್ನೆ ನೋಡಿದ ಅಂಗಡಿಯೂ ಇವನಂಥವನದೇ. ಅವನಿಗೆ ಯಂತ್ರ ಬಂದಿದೆ, ಗಿರಾಕಿ ಬಂದಿಲ್ಲ. ಸಾಲು ತುಂಬಿ ಕಾಣಲಿ ಎಂದು ಕಂಪನಿಯವರು ಹೊಸ ಬಟ್ಟೆ ತಂದು ನೇತುಹಾಕಿದ್ದರು, ಸಾಲದ್ದಕ್ಕೆ ಇವನು ತನ್ನದೊಂದು ಕೊಟ್ಟಿದ್ದ.

"ಸುಳ್ಳು ಅಂತ ಅಲ್ಲ ಅಕ್ಕಾ," ಅಂದ. "ನಡೆಯೋವರೆಗೆ ನಡೀತಿರೋ ಹಾಗೆ ಕಾಣಿಸ್ಬೇಕು, ಅಷ್ಟೆ."

"ನನ್ನ ದುಡ್ಡೂ ನೀನು ಅದಕ್ಕೇ ಹಾಕಿಸ್ತಿದ್ದೆ."

ಅವನು ಲೋಟ ಪಕ್ಕಕ್ಕೆ ಸರಿಸಿ, ಬೇಡ ಬಿಡು, ನೀನು ಹಾಕಬೇಡ, ಇನ್ನು ಆ ಮಾತು ನಿನ್ನ ಹತ್ತಿರ ಎತ್ತಲ್ಲ ಎಂದ. ಹೇಳಿದ ರೀತಿಯಲ್ಲಿ ನಿಜವಿತ್ತು. ಅವಳಿಗೆ ಸಿಟ್ಟು ಬರಬೇಕಿತ್ತು. ಕಣ್ಣು ಮಾತ್ರ ಅವನ ಹರಿದ ಕಾಲರಿನ ಮೇಲೇ ಇತ್ತು. ಬಿಸಿಲಿನ ಕಿಟಕಿಯ ಪಕ್ಕದ ಮೇಜನ್ನು ಮನಸ್ಸಿನಿಂದ ಎತ್ತಿ ಆಚೆಗಿಟ್ಟು, ಅವನ ಲೋಟಕ್ಕೆ ಇನ್ನಷ್ಟು ಚಹಾ ಬಗ್ಗಿಸಿದಳು.

ಅದನ್ನು ಕುಡಿದು ಮುಗಿಸಿದ ಮೇಲೂ ಅವನು ಏಳಲಿಲ್ಲ. ನೋಟ ಒಳಕೋಣೆಯ ಕಡೆಗೆ, ಅಲ್ಲಿನ ಮರದ ಬೀರುವಿನ ಕಡೆಗೆ ಹೋಗಿ ಹೋಗಿ ಬರುತ್ತಿತ್ತು. ಇನ್ನೂ ಏನೋ ಇದೆ ಎಂದು ಅವಳಿಗೆ ಅನ್ನಿಸಿತು.

"ಶನಿವಾರ ಇನ್ನೊಂದು ಪಾರ್ಟಿ ಬರ್ತಿದೆ," ಅಂದ. "ರಿಟೈರ್ ಆದ ಡ್ರೈವರು, ಅವನ ಹೆಂಡ್ತಿ. ನೀನು ಜೇಬು ನೋಡಿದ್ದನ್ನ ನಾನು ಅವರಿಗೆ, ಆ ಟೈನವರಿಗೆ ಹೇಳ್ದೆ. ನಿಮ್ಮಕ್ಕನ ಕಣ್ಣು ಭಾರಿ ಅಂದ್ರು."

ಅವಳು ಕಾದಳು.

"ಭಾವ ತೊಟ್ಟ ಬಟ್ಟೆ ಎಲ್ಲ ಹಾಗೇ ಇದಾವಲ್ಲ ಅಕ್ಕಾ. ಒಂದು ದಿನದ ಮಟ್ಟಿಗೆ ಅಲ್ಲಿ ನೇತುಹಾಕ್ತೀನಿ. ಅವರು ನೋಡ್ಕೊಂಡು ಹೋದ ಮೇಲೆ ಒಗೆದು, ಇಸ್ತ್ರಿ ಹಾಕಿ, ಕವರ್ ಸಮೇತ ತಂದಿಡ್ತೀನಿ."

ಗಂಡ ಹೋಗಿ ಎರಡು ವರ್ಷ. ಪ್ರೆಸ್ಸಿನಲ್ಲಿ ಅಚ್ಚುಮೊಳೆ ಜೋಡಿಸುತ್ತಿದ್ದವನು. ಅವನ ಒಂದು ಶರ್ಟಿಗೂ ಮಸಿಯ ಕಲೆ ತಪ್ಪಿರಲಿಲ್ಲ. ಆಸ್ಪತ್ರೆಯ ರಕ್ತದ ಕಲೆ ತೆಗೆದವಳಿಗೆ ಆ ಮಸಿ ಜಗ್ಗಿರಲಿಲ್ಲ. ಕೊನೆಯ ಸಲ ತೊಟ್ಟ ಶರ್ಟನ್ನು ಅವಳು ಒಗೆದೇ ಇರಲಿಲ್ಲ. ಅದರ ಜೇಬಿನ ಮೂಲೆಯಲ್ಲಿ, ಓದು ನಿಲ್ಲಿಸಿದ ಕಡೆ ಗುರುತಿಗಿಡಲು ಅವನು ಹರಿದುಕೊಂಡಿದ್ದ ಕಾಗದದ ಒಂದು ಚೂರಿತ್ತು. ಬೆರಳಿಗೆ ಸಿಗುತ್ತಿತ್ತು. ಅವಳು ಒಂದು ಸಲವೂ ಹೊರಗೆ ತೆಗೆದಿರಲಿಲ್ಲ.

"ಆ ಡ್ರೈವರ್ ಹೆಂಡ್ತಿ ಏನು ಕೆಲಸದಲ್ಲಿದ್ಲು?" ಎಂದು ಕೇಳಿದಳು.

"ಯಾವುದೋ ಹಾಸ್ಟೆಲಲ್ಲಿ ಅಡುಗೆ. ಯಾಕೆ?"

"ಹಾಗಾದ್ರೆ ಜೇಬಿಗೆ ಕೈ ಹಾಕಲ್ಲ."

"ಹಾಕಲ್ಲ," ಅವನ ಮುಖ ತುಸು ಬಿಚ್ಚಿತು. "ಆದ್ರೂ ಕಾಲರ್ ನೋಡಬಹುದು ಅಲ್ವಾ. ನಾಲ್ಕು ಶರ್ಟು ಸಾಕು ಅಕ್ಕಾ. ಎದುರಿಗೆ ಕಾಣೋ ಹಾಗೆ ನಾನೇ ಹಾಕ್ತೀನಿ. ನಿಂಗೇನು ಖರ್ಚಿಲ್ಲ."

ಅವಳು ಎದ್ದು ಒಳಕೋಣೆಗೆ ಹೋದಳು. ಅವನೂ ಎದ್ದು ಬಾಗಿಲವರೆಗೆ ಬಂದು, ತೋಳ ಮೇಲೆ ಬಟ್ಟೆ ಹಾಕಿಸಿಕೊಳ್ಳುವವನ ಹಾಗೆ ಕೈ ಮುಂದೆ ಮಾಡಿ ನಿಂತ. ಅವಳು ಬೀರುವಿನ ಬಾಗಿಲು ತೆಗೆಯಲಿಲ್ಲ. ಅದಕ್ಕೆ ಸಿಕ್ಕಿಸಿಯೇ ಇರುತ್ತಿದ್ದ ಬೀಗದ ಕೈಯನ್ನು ಒಂದು ಸುತ್ತು ತಿರುಗಿಸಿ, ಹೊರಕ್ಕೆ ಎಳೆದು, ಮುಷ್ಟಿಯಲ್ಲಿ ಇಟ್ಟುಕೊಂಡಳು.

"ಕೊಡಲ್ಲ," ಅಂದಳು.