ವ್ಯಾನು ನಿಂತ ವಾರ

ಹೊತ್ತು ಕಾಡಿನತ್ತ ವಾಲಿದರೂ ಭವ್ಯ ಶಾಲೆಯಿಂದ ಬರಲಿಲ್ಲ. ಚಾಮರಾಜನಗರ ಸೀಮೆಯ ಮದ್ದೂರು ಕಾಡಂಚಿನ ಆ ಊರಬಾಗಿಲಲ್ಲಿ, ಸಿದ್ದಮಲ್ಲಪ್ಪನ ಅಂಗಡಿಯ ಮುಂದೆ, ಚಿಕ್ಕನಿಂಗಮ್ಮ ಕೂರಲಾರದೆ ನಿಲ್ಲಲಾರದೆ ಮೊಮ್ಮಗಳ ದಾರಿ ನೋಡುತ್ತಿದ್ದಳು.

ಇಷ್ಟು ವರ್ಷ ಊರ ಮಕ್ಕಳನ್ನು ಕರೆದೊಯ್ದು ತಂದದ್ದು ಚಾಮರಾಜನಗರದ ಒಂದು ಕಾರ್ಖಾನೆಯ ವ್ಯಾನು. ದೊಡ್ಡ ಕಂಪನಿಗಳು ಲಾಭದಲ್ಲಿ ಇಂತಿಷ್ಟು ಪಾಲನ್ನು ಜನರಿಗಾಗಿ ಖರ್ಚು ಮಾಡಲೇಬೇಕೆಂದು ಕಾನೂನಂತೆ. ವ್ಯಾನು ಬಂದದ್ದೇ ತಡ, ಕಾಡುಪ್ರಾಣಿ ಹೆದರಲೆಂದು ಸರದಿಯ ಮೇಲೆ ಡಬ್ಬ ಬಡಿಯುತ್ತ ಮಕ್ಕಳ ಜೊತೆ ನಡೆಯುತ್ತಿದ್ದ ಹೆಂಗಸರು ವಯನಾಡಿನ ಶುಂಠಿ ಹೊಲಗಳಿಗೆ ಕೂಲಿಗೆ ಹೊರಟರು. ಭವ್ಯಳ ತಾಯಿಯೂ ಹೋದಳು. ಯಾರೂ ತುಳಿಯದ ಕಾಲುದಾರಿಯನ್ನು ಲಂಟಾನದ ಪೊದೆ ಎರಡೂ ಕಡೆಯಿಂದ ನುಂಗಿತು. ಈ ಸೋಮವಾರ ವ್ಯಾನು ನಿಂತಿತು. ಉಳಿದ ಮಕ್ಕಳು ಮನೆಯಲ್ಲೇ ಕೂತರು. ಭವ್ಯ ಮಾತ್ರ ಹಟ ಹಿಡಿದು ನಡೆದೇ ಹೋಗುತ್ತಿದ್ದಳು.

“ಈ ವರ್ಸ ಅವ್ರಿಗೆ ಲಾಭ ಇಲ್ವಂತೆ ಕಣಕ್ಕ. ಲಾಭ ಇಲ್ದಿದ್ರೆ ಕಾನೂನೂ ಕೇಳಕಿಲ್ಲ,” ಎಂದ ಸಿದ್ದಮಲ್ಲಪ್ಪ. “ಅಲ್ಲ, ಕೊಡದು ಮನಸಿಂದ ಬರ್ಬೇಕು. ಕತ್ತಿನ ಪಟ್ಟಿ ಹಿಡ್ದು ಇಸ್ಕಂಡ್ರೆ ಇಂಗೇ ಆಗದು.”

“ಮನಸಿಂದ ಕೊಡವ್ರು ಕಾನೂನು ಬರಗಂಟ ಎಲ್ಲೋಗಿದ್ರು? ನಿನ್ ಮನಸೂ ಈ ಅಂಗಡಿ ಬುಟ್ಟು ಕದಲ್ನಿಲ್ವಲ್ಲ! ನಡಿ, ಆ ತಿರುವುಗಂಟ ಓಗಿ ನೋಡನ.”

“ನಂಗೆ ಮಂಡಿನೋವು ಕಣಕ್ಕ.”

“ನಂಗೇನು ಹದಿನೆಂಟಾ?”

ಅಷ್ಟರಲ್ಲಿ ಕಡವೆ ಕೂಗಿತು. ಮತ್ತೊಮ್ಮೆ ಕೂಗಿದಾಗ ಸದ್ದು ಹತ್ತಿರವಿತ್ತು. ಹುಲಿಯ ವಾಸನೆ ಬಡಿಯದೆ ಕಡವೆ ಹಾಗೆ ಕೂಗುವುದಿಲ್ಲ. ಸಿದ್ದಮಲ್ಲಪ್ಪ ಖಾಲಿ ಬಿಸ್ಕತ್ತು ಡಬ್ಬವನ್ನು ಅವಳ ಕೈಗಿತ್ತು, ಬಾಗಿಲ ಪಟ್ಟಿಯನ್ನು ಹಿಡಿದು ಅಲ್ಲೇ ನಿಂತ.

ಚಿಕ್ಕನಿಂಗಮ್ಮ ಡಬ್ಬ ಬಡಿಯುತ್ತ ಹೊರಟಳು. ತಿರುವಿನಾಚೆ ಭವ್ಯ ಚೀಲವನ್ನು ಎದೆಗೊತ್ತಿಕೊಂಡು ನೆಟ್ಟ ಕಲ್ಲಿನಂತೆ ನಿಂತಿದ್ದಳು. ಗಾಳಿಯೇ ಇರಲಿಲ್ಲ. ಆದರೂ ಅವಳ ಹಿಂದಿನ ಪೊದೆಯಲ್ಲಿ ಒಂದು ಕೊಂಬೆ ಮೆಲ್ಲಗೆ ಬಾಗಿ, ಹಾಗೇ ಬಾಗಿಕೊಂಡೇ ಉಳಿಯಿತು.

“ಓಡ್ಬ್ಯಾಡ ಮಗ. ಇಂದ್ಕೆ ತಿರುಗ್ಬ್ಯಾಡ. ನನ್ ಮೊಕನೇ ನೋಡ್ಕಂಡು ಬಾ.”

ಹುಡುಗಿ ಬಂದಳು. ಅವಳ ಲಂಗ ಒದ್ದೆಯಾಗಿತ್ತು. ಅಜ್ಜಿ ಅವಳನ್ನು ಮುಂದೆ ಬಿಟ್ಟುಕೊಂಡು, ತಾನು ಪೊದೆಗೆ ಮುಖ ಮಾಡಿ, ಬಡಿಯುತ್ತ ಬಡಿಯುತ್ತ ಹಿಮ್ಮುಖವಾಗಿ ಊರು ಸೇರಿದಳು. ಅದು ಹೋಯಿತೋ ಅಲ್ಲೇ ಕೂತಿತೋ ತಿಳಿಯಲಿಲ್ಲ.

ಮನೆಗೆ ಬಂದು ಅಗುಳಿ ಹಾಕಿದ ಮೇಲೆ ಭವ್ಯಳ ಹಲ್ಲು ಕಟಕಟಿಸುವುದು ನಿಂತಿತು. “ಅಜ್ಜಿ, ನಾಳಿಕೆ ಲೆಕ್ಕದ ಪರೀಕ್ಷೆ.”

ಚಿಕ್ಕನಿಂಗಮ್ಮ ಹಗ್ಗದ ಮೇಲಿದ್ದ ಇನ್ನೊಂದು ಯೂನಿಫಾರಮ್ಮನ್ನು ತೆಗೆದು, ನೀಟಾಗಿ ಮಡಿಸಿ, ಟ್ರಂಕಿನ ತಳದಲ್ಲಿ ಹಳೆ ಸೀರೆಗಳ ಕೆಳಗಿಟ್ಟಳು.

“ಅಜ್ಜಿ?”

“ಅವ್ರಿಗೆ ಲಾಭ ಬರ್ಲಿ ತಡಿ ಮಗ,” ಎಂದಳು. ಮಗುವಿನ ಮುಖ ನೋಡಲು ಮಾತ್ರ ಅವಳಿಗೆ ಧೈರ್ಯ ಸಾಲಲಿಲ್ಲ.